ನಿಮಗಿದು ಗೊತ್ತೇ? ಹಾರುವ ತಟ್ಟೆಗೂ ಅಪ್ಪಣೆಯಿಲ್ಲದ ದ್ರಾಕ್ಷಿಯ ಊರು

● ಹಾರುವ ತಟ್ಟೆಗಳು ತನ್ನ ಗಡಿಯೊಳಗೆ ಇಳಿಯಕೂಡದೆಂದು ಆದೇಶ ಹೊರಡಿಸಿದ ಊರೊಂದು ಫ್ರಾನ್ಸಿನಲ್ಲಿದೆ. ಹೆಸರು ಶಾತೊನಫ್-ದ್ಯು-ಪಾಪ್. ಆದೇಶದ ತಾರೀಖು 1954ರ ಅಕ್ಟೋಬರ್ 25. ಸಹಿ ಹಾಕಿದವರು ಆಗಿನ ಮೇಯರ್ ಲ್ಯುಸಿಯಾಂ ಜನ್.

● ಆದೇಶವನ್ನು ಕಲಮು ಕಲಮಾಗಿಯೇ ಬರೆಯಲಾಗಿದೆ. ಹಾರುವ ತಟ್ಟೆ ಅಥವಾ ಹಾರುವ ಸಿಗಾರ್ ಎನಿಸಿಕೊಂಡ ಯಾವ ವಾಹನವೂ, ಅದು ಯಾವ ದೇಶದ್ದೇ ಆಗಿರಲಿ, ಊರಿನ ಮೇಲೆ ಹಾರುವಂತಿಲ್ಲ, ಇಳಿಯುವಂತಿಲ್ಲ, ಇಲ್ಲಿಂದ ಮೇಲೇಳುವಂತಿಲ್ಲ. ಇಳಿದರೆ ಕೂಡಲೇ ಜಪ್ತಿ. ಜಾರಿಯ ಹೊಣೆ ಊರಿನ ಕಾವಲುಗಾರನದು.

● ಮೇಯರ್‌ಗೆ ಈ ಯೋಚನೆ ಬಂದದ್ದಾದರೂ ಏಕೆ? ಆ ವರ್ಷ ಫ್ರಾನ್ಸಿನ ತುಂಬ ಹಾರುವ ತಟ್ಟೆಯದೇ ಮಾತು. ಸೆಪ್ಟೆಂಬರ್ 10ರ ರಾತ್ರಿ ಬೆಲ್ಜಿಯಂ ಗಡಿ ಬಳಿಯ ಕಾರೂಬ್ಲ್ ಎಂಬಲ್ಲಿ ಕಾರ್ಮಿಕನೊಬ್ಬ ರೈಲು ಹಳಿಯ ಮೇಲೆ ವಿಚಿತ್ರ ವಾಹನ ಕಂಡೆನೆಂದ. ಆಮೇಲೆ ದಿನಕ್ಕೊಂದು ಊರಿನಿಂದ ಅಂಥದೇ ಸುದ್ದಿ. ಪತ್ರಿಕೆಗಳು ಇದನ್ನೇ ಬರೆಯುತ್ತಿದ್ದಾಗ ಜನ್ ಈ ಆದೇಶ ಹೊರಡಿಸಿದರು, ಊರಿನ ಹೆಸರು ದೇಶವಿದೇಶದ ಪತ್ರಿಕೆಗಳಲ್ಲಿ ಬಂತು. ಅದು ಊರಿನ ವೈನ್‌ಗೆ ಹೆಸರು ತರಲೆಂದೇ ಮಾಡಿದ್ದು ಎಂದು ಅವರ ಮಗ ಎಷ್ಟೋ ವರ್ಷಗಳ ನಂತರ ಹೇಳಿದರು.

● ಆದೇಶವನ್ನು ಇನ್ನೂ ಹಿಂತೆಗೆದುಕೊಂಡಿಲ್ಲ. 2016ರಲ್ಲಿ ಈ ಪ್ರಶ್ನೆ ಎದ್ದಾಗ ಆಗಿನ ಮೇಯರ್ ಅದನ್ನು ಮುಟ್ಟುವುದಿಲ್ಲವೆಂದು ಹೇಳಿಬಿಟ್ಟರು.

● ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಗ್ರಾಮ್ ಎಂಬ ವೈನ್ ತಯಾರಕ ಈ ಊರಿನ ದ್ರಾಕ್ಷಿ ತಳಿಗಳನ್ನೇ ಬೆರೆಸಿ ಮಾಡಿದ ತನ್ನ ವೈನ್‌ಗೆ 'ಲ ಸಿಗಾರ್ ವೊಲಾಂ', ಅಂದರೆ ಹಾರುವ ಸಿಗಾರ್, ಎಂದೇ ಹೆಸರಿಟ್ಟ. 1984ರ ಸುಗ್ಗಿಯಿಂದ ಶುರುವಾದ ಆ ಬಾಟಲಿಯ ಚೀಟಿಯಲ್ಲಿ ದ್ರಾಕ್ಷಿ ತೋಟದ ಮೇಲೆ ಕೆಂಪು ಬೆಳಕು ಚೆಲ್ಲುವ ಹಾರುವ ಸಿಗಾರಿನ ಚಿತ್ರವಿದೆ.

● ಇಷ್ಟು ಸುದ್ದಿ ಮಾಡಿದ ಊರಿನ ಜನಸಂಖ್ಯೆ ಎಷ್ಟಿರಬಹುದು? ಎರಡು ಸಾವಿರಕ್ಕಿಂತ ತುಸು ಹೆಚ್ಚು, ಅಷ್ಟೆ.

● ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆ, ವೋಕ್ಲೂಜ್ ಜಿಲ್ಲೆ, ರೋನ್ ನದಿಯ ಎಡದಂಡೆ. ಉತ್ತರಕ್ಕೆ ರೋಮನ್ನರ ಕಾಲದ ರಂಗಮಂದಿರವಿರುವ ಒರಾಂಜ್, ದಕ್ಷಿಣಕ್ಕೆ ಅವಿನ್ಯೋನ್. ನಡುವೆ ಗುಡ್ಡದ ಮೇಲೊಂದು ಮುರುಕು ಗೋಪುರ, ಅದರ ಕೆಳಗೆ ಇಳಿಜಾರಿನಲ್ಲಿ ಊರು, ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ.

● ಊರಿನ ಹೆಸರಿನಲ್ಲಿರುವ 'ಪಾಪ್' ಎಂದರೆ ಪೋಪ್. ರೋಮಿನಲ್ಲಿ ಇರಬೇಕಾದ ಪೋಪರಿಗೆ ಫ್ರಾನ್ಸಿನ ಹಳ್ಳಿಯಲ್ಲೇನು ಕೆಲಸ? 1309ರಿಂದ 1377ರವರೆಗೆ ಕ್ರೈಸ್ತ ಜಗತ್ತಿನ ಗುರುಪೀಠ ರೋಮಿನಲ್ಲಿರಲಿಲ್ಲ, ಅವಿನ್ಯೋನ್‌ನಲ್ಲಿತ್ತು. ಒಬ್ಬರ ನಂತರ ಒಬ್ಬರಂತೆ ಏಳು ಪೋಪರು ಅಲ್ಲಿಂದಲೇ ಆಳಿದರು. ಏಳೂ ಜನ ಈಗಿನ ಫ್ರಾನ್ಸಿನ ನೆಲದವರು.

● ಅವರಲ್ಲಿ ಎರಡನೆಯವರು 22ನೇ ಜಾನ್. 1316ರಲ್ಲಿ ಆಯ್ಕೆಯಾದಾಗಲೇ ಎಪ್ಪತ್ತು ದಾಟಿತ್ತು. ಮುದುಕ ಹೆಚ್ಚು ದಿನ ಇರಲಾರ ಎಂದುಕೊಂಡವರೆಲ್ಲ ತಪ್ಪಿದರು, ಅವರು 18 ವರ್ಷ ಆಳಿದರು. ಬೇಸಿಗೆಯಲ್ಲಿ ಅವಿನ್ಯೋನ್‌ನಿಂದ ದೂರವಿರಲು ಈ ಗುಡ್ಡವನ್ನು ಆರಿಸಿ 1317ರಿಂದ 1333ರವರೆಗೆ ಕೋಟೆ ಕಟ್ಟಿಸಿದರು, ಸುತ್ತ ದ್ರಾಕ್ಷಿ ನೆಡಿಸಿದರು. ಕೋಟೆ ಮುಗಿದ ಮರುವರ್ಷವೇ ತೀರಿಕೊಂಡರು.

● ಪೋಪರು ರೋಮಿಗೆ ಮರಳಿದ ಮೇಲೂ ಈ ಸೀಮೆ ಅವರ ಸ್ವತ್ತಾಗಿಯೇ ಉಳಿಯಿತು. ಫ್ರಾನ್ಸಿಗೆ ಸೇರಿದ್ದು ಕ್ರಾಂತಿಯ ಕಾಲದಲ್ಲಿ, 1791ರಲ್ಲಿ.

● ಆದರೆ ಪೋಪರ ಪಂಕ್ತಿಯಲ್ಲಿ ಮೆಚ್ಚುಗೆ ಪಡೆದದ್ದು ಈ ಊರಿನ ವೈನ್ ಅಲ್ಲ, ಉತ್ತರದ ಬರ್ಗಂಡಿಯದು. ಆ ಸೀಮೆಯ ವೈನ್ ಇಟಲಿಯಲ್ಲಿ ಸಿಗದೆಂಬ ಕಾರಣಕ್ಕೇ ಕಾರ್ಡಿನಲ್‌ಗಳು ರೋಮಿಗೆ ಹಿಂದಿರುಗಲು ಒಲ್ಲೆನ್ನುತ್ತಾರೆ ಎಂದು ಕವಿ ಪೆಟ್ರಾರ್ಕ್ 1366ರಲ್ಲಿ ಪೋಪರಿಗೇ ಬರೆದ ಪತ್ರದಲ್ಲಿ ದೂರಿದ್ದ.

● ಊರಿಗೆ ಪೋಪರ ಹೆಸರು ಅಂಟಿದ್ದಂತೂ ತೀರ ಈಚೆಗೆ. ಶತಮಾನಗಳ ಕಾಲ ಇದು ಶಾತೊನಫ್-ಕಾಲ್ಸರ್ನಿಯೇ. ಸುತ್ತಮುತ್ತ ಸುಣ್ಣದ ಭಟ್ಟಿಗಳಿದ್ದುದರಿಂದ ಬಂದ ಹೆಸರು ಅದು. ಈಗಿನ ಹೆಸರು ಅಧಿಕೃತವಾದದ್ದು 1893ರಲ್ಲಿ.

● ಆಲ್ಫೋನ್ಸ್ ದೊದೆಯ ಕಥೆಗಳನ್ನು ಓದಿದವರಿಗೆ 'ಪೋಪನ ಹೇಸರಗತ್ತೆ' ನೆನಪಿರಬಹುದು. ಭಾನುವಾರ ಸಂಜೆ ತನ್ನ ದ್ರಾಕ್ಷಿ ತೋಟಕ್ಕೆ ಹೋಗಿ ಕೂರುವ, ಏಳು ವರ್ಷ ಒದೆತವೊಂದನ್ನು ಕಾದಿಟ್ಟುಕೊಂಡ ಹೇಸರಗತ್ತೆಯ ಒಡೆಯನಾದ ಆ ಒಳ್ಳೆಯ ಪೋಪನ ತೋಟ ಇರುವುದು ಇದೇ ಊರಿನಲ್ಲಿ. ಕಥೆಯಲ್ಲಿ ಅವನಿಗಿಟ್ಟ ಬೋನಿಫಾಸ್ ಎಂಬ ಹೆಸರಿನ ಪೋಪ್ ಮಾತ್ರ ಅವಿನ್ಯೋನ್‌ನಲ್ಲಿ ಇರಲೇ ಇಲ್ಲ. ಅವನು ದೊದೆಯ ಕಲ್ಪನೆ.

● ಕೋಟೆ ಏನಾಯಿತು? 16ನೇ ಶತಮಾನದ ಮತಯುದ್ಧಗಳಲ್ಲಿ ಸುಲಿಗೆಯಾಯಿತು. ಕ್ರಾಂತಿಯ ನಂತರ ಅದರ ಕಲ್ಲುಗಳು ಊರವರ ಮನೆಗೋಡೆ ಸೇರಿದವು. ಎತ್ತರದ ಗೋಪುರವೊಂದು ಉಳಿದಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಅದನ್ನು ಕಾವಲು ಗೋಪುರವಾಗಿ ಬಳಸಿಕೊಂಡಿತು. 1944ರ ಆಗಸ್ಟಿನಲ್ಲಿ ಹಿಮ್ಮೆಟ್ಟುವಾಗ ಸಿಡಿಮದ್ದಿಟ್ಟು ಹೊರಟುಹೋಯಿತು. ಉತ್ತರದ ಅರ್ಧ ಕುಸಿಯಿತು, ದಕ್ಷಿಣದ ಅರ್ಧ ನಿಂತಿತು. ಊರಿನ ಚಿತ್ರಪಟಗಳಲ್ಲೆಲ್ಲ ಕಾಣುವುದು ನಿಂತ ಆ ಅರ್ಧವೇ.

● ನದಿಯ ಆಚೆ ದಡದಲ್ಲಿ ಎದುರುಬದುರಾಗಿ ಇರುವ ಊರು ರೊಕ್‌ಮೋರ್. ಅವಿನ್ಯೋನ್‌ಗೆ ಪೀಠ ತಂದ ಮೊದಲ ಪೋಪ್ 5ನೇ ಕ್ಲೆಮೆಂಟ್ 1314ರ ಏಪ್ರಿಲ್ 20ರಂದು ಪ್ರಾಣಬಿಟ್ಟದ್ದು ಅಲ್ಲಿ.

● ಕ್ರಿ.ಪೂ. 218ರಲ್ಲಿ ಕಾರ್ಥೇಜಿನ ದಂಡನಾಯಕ ಹ್ಯಾನಿಬಾಲ್ ಆನೆಗಳೊಂದಿಗೆ ರೋನ್ ನದಿ ದಾಟಿದ್ದು ರೊಕ್‌ಮೋರ್ ಆಸುಪಾಸಿನಲ್ಲೇ ಇರಬೇಕೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಆನೆಗಳು ನೀರಿಗಿಳಿಯಲು ಹೆದರಿದಾಗ ತೆಪ್ಪಗಳ ಮೇಲೆ ಮಣ್ಣು ಹರಡಿ, ನೆಲವೇ ಮುಂದುವರಿದಿದೆ ಎನ್ನಿಸಿ ಅವನ್ನು ಹತ್ತಿಸಿದರೆಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆದಿದ್ದಾನೆ. ಆನೆಯನ್ನು ಬಲ್ಲ ನಾಡಿನವರಾದ ನಮಗೆ ಈ ಉಪಾಯದ ಸೊಗಸು ಬೇಗ ತಿಳಿಯುತ್ತದೆ.

● ಊರಿನ ಹೆಸರು ಹೇಳಿ ಮೋಸ ಮಾಡುವುದು ಇಲ್ಲಿ ಹಳೆಯ ರೋಗ. 1737ರಲ್ಲೇ ರೊಕ್‌ಮೋರ್ ಬಂದರಿನಿಂದ ಹೊರಡುವ ಪೀಪಾಯಿಗಳ ಮೇಲೆ ಸಿ.ಡಿ.ಆರ್. ಎಂಬ ಅಕ್ಷರಗಳನ್ನೂ ವರ್ಷವನ್ನೂ ಕಾಸಿ ಒತ್ತಬೇಕೆಂದು ರಾಜಾಜ್ಞೆಯಾಗಿತ್ತು. ಇಂದು ಲೋಕವೆಲ್ಲ ಬಲ್ಲ 'ಕೋತ್ ದ್ಯು ರೋನ್' ಹೆಸರಿನ ಮೊದಲಕ್ಷರಗಳು ಅವು.

● ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿದ ಪಿಡುಗು ಫ್ರಾನ್ಸಿನಲ್ಲಿ ಮೊದಲು ಕಾಣಿಸಿಕೊಂಡದ್ದೂ ಅದೇ ರೊಕ್‌ಮೋರಿನ ಸುತ್ತ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1862ರಲ್ಲಿ ಅಲ್ಲಿನ ವೈನ್ ವ್ಯಾಪಾರಿಯೊಬ್ಬ ಅಮೆರಿಕದಿಂದ ಬಂದ ದ್ರಾಕ್ಷಿ ಕಡ್ಡಿಗಳನ್ನು ತನ್ನ ಹಿತ್ತಲಿನಲ್ಲಿ ನೆಟ್ಟ. ಅವು ಚೆನ್ನಾಗಿಯೇ ಚಿಗುರಿದವು. ಮರುವರ್ಷ ಸುತ್ತಲಿನ ಹಳೆಯ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಎಲೆ ಹಳದಿಯಾಯಿತು, ಆಮೇಲೆ ಕೆಂಪಾಯಿತು, ಬಳ್ಳಿ ಸತ್ತಿತು. ಸತ್ತ ಬಳ್ಳಿಯನ್ನು ಕಿತ್ತರೆ ಬೇರು ಕೊಳೆತಿರುತ್ತಿತ್ತು, ಅದಕ್ಕೆ ಕಾರಣವಾದ ಹುಳು ಮಾತ್ರ ಕಾಣುತ್ತಿರಲಿಲ್ಲ. ಬಳ್ಳಿ ಸಾಯುವ ಹೊತ್ತಿಗೆ ಹುಳು ಪಕ್ಕದ ಜೀವಂತ ಬೇರಿಗೆ ಹೋಗಿಬಿಟ್ಟಿರುತ್ತಿತ್ತು.

● ಹುಳುವನ್ನು ಪತ್ತೆ ಮಾಡಿದ್ದು 1868ರ ಜುಲೈನಲ್ಲಿ, ಮೊಂಪೆಲಿಯೇ ನಗರದ ಸಸ್ಯವಿಜ್ಞಾನಿ ಪ್ಲಾಂಶೊಂ ಮತ್ತು ಜೊತೆಗಾರರು. ಸತ್ತ ಬಳ್ಳಿ ಬಿಟ್ಟು ಆರೋಗ್ಯವಾಗಿ ಕಾಣುವ ಬಳ್ಳಿಯನ್ನು ಕಿತ್ತು, ಬೇರಿನ ಮೇಲೆ ಭೂತಗನ್ನಡಿ ಹಿಡಿದಾಗ ಹಳದಿ ಚುಕ್ಕೆಗಳಂಥ ಹೇನುಗಳು ಗುಂಪುಗುಂಪಾಗಿ ಕಂಡವು. ಅದೇ ಫಿಲೊಕ್ಸೆರಾ.

● ಅದೇ 1868ರಲ್ಲಿ ರೊಕ್‌ಮೋರಿನ ತೋಟಗಾರರೊಬ್ಬರು ಬೇರೆಯೇ ದಾರಿ ಹಿಡಿದರು. ಊರಿನ ಬಳ್ಳಿಗಳನ್ನು ಕಾಯಲಿ ಎಂದು ರೋಮಿನಿಂದ ಸಂತ ವ್ಯಾಲೆಂಟೈನ್‌ನ ಅಸ್ಥಿಗಳನ್ನು ತರಿಸಿದರು. ಹೌದು, ಫೆಬ್ರುವರಿ 14ರ ಆ ವ್ಯಾಲೆಂಟೈನ್! ಅಸ್ಥಿಪೆಟ್ಟಿಗೆ ಇಂದೂ ಊರಿನ ಇಗರ್ಜಿಯಲ್ಲಿದೆ. ದಿಕ್ಕು ತೋಚದ ರೈತ ಕೈಗೆಟಕಿದ್ದನ್ನೆಲ್ಲ ಹಿಡಿಯುತ್ತಾನೆ. ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

● ಸಂತನಿಂದಾಗದ್ದು ಕಸಿಯಿಂದ ಆಯಿತು. ಹುಳು ಬಂದದ್ದು ಅಮೆರಿಕದಿಂದ, ಅದನ್ನು ತಡೆದುಕೊಳ್ಳುವ ಬೇರು ಇದ್ದದ್ದೂ ಅಮೆರಿಕದಲ್ಲೇ. ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಫ್ರಾನ್ಸಿನ ಕುಡಿ ಕಟ್ಟಿದರು. ಇಂದು ಶಾತೊನಫ್‌ನ ಹೆಚ್ಚುಕಡಿಮೆ ಪ್ರತಿ ಬಳ್ಳಿಯೂ ಮಣ್ಣಿನೊಳಗೆ ಅಮೆರಿಕದ್ದು, ಮಣ್ಣಿನ ಮೇಲೆ ಫ್ರಾನ್ಸಿನದು.

● ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರಿಗೆ ಈ ವಿದ್ಯೆ ಹೊಸದಲ್ಲ. ಅವರು ಮೊದಲು ನೆಟ್ಟು ಆಮೇಲೆ ಕಸಿ ಕಟ್ಟುವ ಡಾಗ್‌ರಿಡ್ಜ್ ಬೇರುಗಿಡವೂ ಅಮೆರಿಕದ ಟೆಕ್ಸಾಸ್ ಮೂಲದ್ದೇ. ಅಲ್ಲಿ ಹುಳುವಿನ ಕಾಟಕ್ಕೆ, ಇಲ್ಲಿ ಸವಳು ಮಣ್ಣಿಗೂ ನೀರಿನ ಕೊರತೆಗೂ ಮದ್ದು.

● ಹುಳು ತಿಂದ ತೋಟಗಳನ್ನು ಮತ್ತೆ ಕಟ್ಟುವ ದಾರಿ ತೋರಿದವರಲ್ಲಿ ಮುಖ್ಯರು ಶಾತೊ ಲಾ ನೆರ್ತ್ ತೋಟದ ಒಡೆಯ ಜೋಸೆಫ್ ದ್ಯುಕೋ. ಅವರು ಹತ್ತು ತಳಿಗಳನ್ನು ಕಸಿ ಕಟ್ಟಿ ನೆಟ್ಟು, ಯಾವ ತಳಿ ಏನು ಕೊಡುತ್ತದೆ ಎಂದು ವಿಂಗಡಿಸಿದರು. ಗ್ರೆನಾಶ್ ಮತ್ತು ಸ್ಯಾಂಸೊದಿಂದ ಬಿಸುಪು, ಸಿಹಿ. ಸಿರಾ, ಮೂರ್ವೆದ್ರ್, ಮುಸ್ಕಾರ್ದಾಂ, ವಕಾರೆಸ್‌ನಿಂದ ಬಣ್ಣ, ಗಟ್ಟಿತನ, ಬಾಳಿಕೆ. ಕೂನ್ವಾಜ್ ಮತ್ತು ಪಿಕ್‌ಪೂಲ್‌ನಿಂದ ತಾಜಾತನ. ಬಿಳಿ ಹಣ್ಣಿನ ಕ್ಲೆರೆತ್, ಬೂರ್ಬುಲಾಂಕ್‌ನಿಂದ ನಯ. ಒಂದು ತಳಿ ಸೋತ ವರ್ಷ ಇನ್ನೊಂದು ಕೈ ಹಿಡಿಯಲಿ ಎಂಬ ರೈತನ ಲೆಕ್ಕವೂ ಇದರಲ್ಲಿತ್ತು.

● ಇಲ್ಲಿನ ವೈನ್‌ಗೆ 13 ತಳಿಗಳೆಂದು ಹೆಸರು. ಈಗಿನ ನಿಯಮದ ಪಟ್ಟಿಯಲ್ಲಿ 18 ಇವೆ. ಹೊಸ ತಳಿ ಒಂದೂ ಸೇರಿಲ್ಲ. ಗ್ರೆನಾಶ್‌ನ ಕಪ್ಪು, ಬಿಳಿ, ಬೂದು ಬಣ್ಣಗಳನ್ನೂ ಪಿಕ್‌ಪೂಲ್, ಕ್ಲೆರೆತ್‌ಗಳ ಬಣ್ಣಗಳನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ.

● ಹದಿಮೂರನ್ನೂ ಬೆಳೆಯುವವರು ಕೆಲವೇ ಮಂದಿ. 1909ರಿಂದ ಪೆರಾಂ ಕುಟುಂಬದ ಕೈಯಲ್ಲಿರುವ ಶಾತೊ ದ ಬೊಕಾಸ್ತೆಲ್ ಅದಕ್ಕೆ ಹೆಸರಾದ ತೋಟ. ಮಿಕ್ಕೆಡೆ ಗ್ರೆನಾಶ್‌ನದೇ ರಾಜ್ಯ, ಒಟ್ಟು ತೋಟದ ಮುಕ್ಕಾಲು ಪಾಲಿನ ಹತ್ತಿರ ಅದೇ. ಅದು ಮೂಲತಃ ಸ್ಪೇನಿನಿಂದ ಬಂದದ್ದು.

● ಸಿರಾ ತಳಿ ಇರಾನಿನ ಶಿರಾಜ್ ನಗರದಿಂದ ಬಂತೆಂಬ ಕಥೆ ಬಹಳ ಕಾಲ ಓಡಾಡಿತು. ಅದರ ತಂದೆತಾಯಿ ಎರಡೂ ಫ್ರಾನ್ಸಿನ ತಳಿಗಳೇ ಎಂದು 1990ರ ದಶಕದ ಕೊನೆಗೆ ಡಿಎನ್ಎ ಪರೀಕ್ಷೆ ತೋರಿಸಿತು. ನಂದಿ ಬೆಟ್ಟದ ಸುತ್ತಲಿನ ವೈನ್ ತೋಟಗಳಲ್ಲಿ ಶಿರಾಜ್ ಎಂದು ಬೆಳೆಯುವುದೂ ಇದೇ ತಳಿ.

● ಊರಿನ ಹಲವು ತೋಟಗಳಲ್ಲಿ ಮಣ್ಣೇ ಕಾಣುವುದಿಲ್ಲ. ನೆಲದ ತುಂಬ ಮುಷ್ಟಿಯಷ್ಟು, ತಲೆಯಷ್ಟು ದೊಡ್ಡ ದುಂಡುಗಲ್ಲುಗಳು. ಲಕ್ಷಾಂತರ ವರ್ಷ ಹಿಂದೆ ರೋನ್ ನದಿ ಆಲ್ಪ್ಸ್ ಪರ್ವತದ ಕಡೆಯಿಂದ ಉರುಳಿಸಿ ತಂದ ಬೆಣಚುಗಲ್ಲು ಅವು. ಹಗಲೆಲ್ಲ ಬಿಸಿಲುಂಡು, ಉರಿ ಆರಿದ ಒಲೆಯಂತೆ ರಾತ್ರಿಯೂ ಬೆಚ್ಚಗಿರುತ್ತವೆ, ಕೆಳಗಿನ ಜೇಡಿಮಣ್ಣಿನ ತೇವ ಆರದಂತೆ ಮುಚ್ಚಿಡುತ್ತವೆ. ಟ್ರ್ಯಾಕ್ಟರ್‌ನ ನೇಗಿಲಿಗೆ ಮಾತ್ರ ಇವು ಬದ್ಧ ವೈರಿಗಳು.

● ಆದರೆ ಕಲ್ಲೇ ಇಲ್ಲಿನ ಗುಟ್ಟು ಎನ್ನುವಂತಿಲ್ಲ. ಊರಿನ ಅತಿ ಪ್ರಸಿದ್ಧ ತೋಟಗಳಲ್ಲೊಂದಾದ ಶಾತೊ ರಾಯಾಸ್ ಇರುವುದು ಮರಳಿನ ಮೇಲೆ. ಅಲ್ಲಿ ಆ ದುಂಡುಗಲ್ಲುಗಳಿಲ್ಲ.

● ಮಿಸ್ತ್ರಾಲ್ ಎಂಬುದು ಇಲ್ಲಿನ ಉತ್ತರದ ಗಾಳಿ. ಬೀಸತೊಡಗಿದರೆ ದಿನಗಟ್ಟಲೆ ಬೀಸುತ್ತದೆ, ಗಂಟೆಗೆ 100 ಕಿ.ಮೀ. ವೇಗವನ್ನೂ ಮುಟ್ಟುತ್ತದೆ. ಚಿಗುರು ಮುರಿಯುತ್ತದೆ ನಿಜ. ಎಲೆಯ ತೇವವನ್ನು ಆರಿಸಿ ಬೂಷ್ಟು ರೋಗವನ್ನು ದೂರವಿಡುವುದೂ ಅದೇ.

● ಈ ಗಾಳಿಗಾಗಿಯೇ ಇಲ್ಲಿ ಬಳ್ಳಿಗೆ ಚಪ್ಪರವಿಲ್ಲ. ಮೊಣಕಾಲೆತ್ತರದಲ್ಲಿ ಚಾಟಿ ಮಾಡಿ, ಬಟ್ಟಲಿನಂತೆ ಕವಲು ಬಿಡಿಸಿದ ಕುಳ್ಳಗಿನ ಪೊದೆಗಳು. ತಂತಿಯ ಆಸರೆ ಬೇಕಾಗುವುದು ಮುಖ್ಯವಾಗಿ ಸಿರಾ ತಳಿಗೆ. ಅದರ ಉದ್ದ ಚಿಗುರು ಗಾಳಿಗೆ ನಿಲ್ಲುವುದಿಲ್ಲ.

● ಗಾಳಿಯ ಹೆಸರನ್ನೇ ಹೊತ್ತ ಕವಿ ಫ್ರೆದೆರಿಕ್ ಮಿಸ್ತ್ರಾಲ್. ಪ್ರೊವಾನ್ಸಾಲ್ ಭಾಷೆಯಲ್ಲಿ ಬರೆದು 1904ರ ನೊಬೆಲ್ ಪಡೆದವನು. 1854ರ ಮೇ 21ರಂದು ಆ ಭಾಷೆಯನ್ನು ಉಳಿಸಲು 'ಫೆಲಿಬ್ರಿಜ್' ಸಂಘ ಕಟ್ಟಿದ ಏಳು ಕವಿಗಳಲ್ಲಿ ಅವನೊಬ್ಬ. ಇನ್ನೊಬ್ಬ ಅವನ ಶಾಲೆಯ ಗೆಳೆಯ ಆನ್ಸೆಲ್ಮ್ ಮಾತ್ಯೂ, ಶಾತೊನಫ್‌ನಲ್ಲೇ ಹುಟ್ಟಿದ ದ್ರಾಕ್ಷಿ ತೋಟದ ಮಗ. ಪ್ರೇಮಕವಿತೆಗಳಿಂದಾಗಿ ಅವನಿಗೆ 'ಮುತ್ತುಗಳ ಕವಿ' ಎಂಬ ಹೆಸರಿತ್ತು. ಅವನ ತೋಟದ ವೈನ್ ಗೆಳೆಯರ ಮೂಲಕ ಊರೂರಿಗೆ ಹೋಯಿತು. ಪ್ಯಾರಿಸಿನ ಅಧಿಕಾರಭಾಷೆಯ ಎದುರು ತಾಯ್ನುಡಿಗಾಗಿ ನಿಂತ ಏಳು ಜನರಲ್ಲಿ ಒಬ್ಬ ಈ ಪುಟ್ಟ ಊರಿನವನೆಂಬುದು ನನಗೆ ಪೋಪರ ಕೋಟೆಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

● ಇಷ್ಟಾದರೂ 1900ರ ಆಸುಪಾಸಿನಲ್ಲಿ ಈ ವೈನ್‌ಗೆ ಸ್ವಂತ ಗೌರವ ಇರಲಿಲ್ಲ. ಬಹುಪಾಲು ಪೀಪಾಯಿಗಟ್ಟಲೆ ಬರ್ಗಂಡಿಗೆ ಹೋಗಿ, ಅಲ್ಲಿನ ತೆಳು ವೈನ್‌ಗೆ ಕಸುವು ತುಂಬಲು ಬೆರಕೆಯಾಗುತ್ತಿತ್ತು. ಇನ್ನೊಂದು ಕಡೆ ಎಲ್ಲೆಲ್ಲಿಯದೋ ವೈನ್‌ಗೆ ಶಾತೊನಫ್ ಹೆಸರಿನ ಚೀಟಿ ಅಂಟಿಸಿ ಮಾರುತ್ತಿದ್ದರು. ಬೆಳೆದವನಿಗೆ ಎರಡು ಕಡೆಯಿಂದಲೂ ನಷ್ಟ.

● ಆಗ ಬಂದವರು ಬ್ಯಾರನ್ ಪಿಯೇರ್ ಲ ರ್ವಾ. 1890ರಲ್ಲಿ ಹುಟ್ಟಿದವರು, ಓದಿದ್ದು ಕಾನೂನು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಊರಿನ ಶಾತೊ ಫೋರ್ತಿಯಾ ತೋಟದ ಮಗಳನ್ನು ಮದುವೆಯಾಗಿ ಇಲ್ಲಿಗೇ ಬಂದು ನೆಲೆಸಿದರು. 1923ರಲ್ಲಿ ಬೆಳೆಗಾರರು ಅವರ ಬಳಿ ಹೋಗಿ ನಮ್ಮ ಹೆಸರನ್ನು ಕಾಪಾಡಿಕೊಡಿ ಎಂದು ಕೇಳಿಕೊಂಡರು. ಲ ರ್ವಾ ಒಪ್ಪಿದರು, ಒಂದು ಷರತ್ತಿನ ಮೇಲೆ: ಪರರ ಮೋಸದ ಮಾತು ಆಮೇಲೆ, ಮೊದಲು ನೀವು ನಿಮ್ಮ ಮೇಲೆ ಕಟ್ಟುಪಾಡು ಹೇರಿಕೊಳ್ಳಬೇಕು. ಬೆಳೆಗಾರರು ತಲೆಯಾಡಿಸಿದರು. ಈ ಊರಿನ ಕಥೆಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವ ಗಳಿಗೆ ಇದು.

● ಕಟ್ಟುಪಾಡುಗಳೇನು? ಯಾವ ನೆಲ ಎಂಬುದಕ್ಕೆ ಗಡಿ. ಯಾವ ತಳಿ ಎಂಬುದಕ್ಕೆ ಪಟ್ಟಿ. ಬಳ್ಳಿ ಹೇಗೆ ನೆಡಬೇಕು, ಹೇಗೆ ಸವರಬೇಕು ಎಂಬುದಕ್ಕೆ ರೀತಿ. ಮದ್ಯಾಂಶ ಕನಿಷ್ಠ ಶೇ 12.5, ಅದೂ ಸಕ್ಕರೆ ಬೆರೆಸದೆ, ಹಣ್ಣಿನ ಸ್ವಂತ ಸಿಹಿಯಿಂದಲೇ ಬರಬೇಕು. ಕೊಯ್ದ ಹಣ್ಣಿನಲ್ಲಿ ಕಳಪೆಯನ್ನು ಆರಿಸಿ ತೆಗೆಯಲೇಬೇಕು. ನಸುಗೆಂಪು ರೋಸೆ ವೈನ್ ಮಾಡಕೂಡದು.

● ಗಡಿ ಗುರುತಿಸಿದ ಬಗೆ ಕೇಳಿ: ಲ್ಯಾವೆಂಡರ್ ಮತ್ತು ಥೈಮ್ ಎರಡೂ ತಾವಾಗಿ ಬೆಳೆಯುವಷ್ಟು ಬಡವಾದ, ಒಣಗಿದ ನೆಲವೇ ಈ ದ್ರಾಕ್ಷಿಗೆ ತಕ್ಕದ್ದು. ಗೋಧಿ ಹುಲುಸಾಗಿ ಬೆಳೆಯುವ ಹೊಲದವನಿಗೆ ಇಲ್ಲಿ ಜಾಗವಿಲ್ಲ. ಗಿಡವನ್ನೇ ಸಾಕ್ಷಿ ಹಿಡಿದ ಈ ವಿವೇಕಕ್ಕೆ ಕೈಮುಗಿಯಬೇಕು.

● ಗಡಿಯ ಹೊರಗುಳಿದವರು ಸುಮ್ಮನಿರಲಿಲ್ಲ. ಕೋರ್ಟಿನಿಂದ ಕೋರ್ಟಿಗೆ ವ್ಯಾಜ್ಯ ನಡೆಯಿತು. 1933ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಬೆಳೆಗಾರರ ಪರ ತೀರ್ಪಿತ್ತಿತು.

● ಊರಿನ ಈ ಮಾದರಿ ದೇಶದ ಕಾನೂನಾಯಿತು. ಲ ರ್ವಾ ಮತ್ತು ಸೆನೆಟ್ ಸದಸ್ಯ ಜೋಸೆಫ್ ಕಾಪ್ಯೂ ಅವರ ದುಡಿಮೆಯಿಂದ 1935ರ ಜುಲೈ 30ರಂದು ನಿಯಂತ್ರಿತ ಮೂಲನಾಮದ ಶಾಸನ ಬಂತು. 1936ರ ಮೇ 15ರಂದು ಆ ಮನ್ನಣೆ ಪಡೆದ ಮೊದಲ ಹೆಸರುಗಳಲ್ಲಿ ಶಾತೊನಫ್-ದ್ಯು-ಪಾಪ್ ಒಂದು. ಅದೇ ದಿನ ಪಡೆದವುಗಳಲ್ಲಿ ಆರ್ಬ್ವಾ, ಕಾಸಿ, ಮೊಂಬಜಿಯಾಕ್, ಮತ್ತು ನದಿಯಾಚೆಯ ನೆರೆಯೂರು ತಾವೆಲ್ ಕೂಡ ಇದ್ದವು.

● ಇಡೀ ಫ್ರಾನ್ಸಿನ ಮೂಲನಾಮ ಸಂಸ್ಥೆಗೆ ಲ ರ್ವಾ 1947ರಿಂದ 1967ರಲ್ಲಿ ಸಾಯುವವರೆಗೂ ಅಧ್ಯಕ್ಷರಾಗಿದ್ದರು.

● ಬಾಟಲಿ ನೋಡಿಯೇ ಊರು ಹೇಳಬಹುದು. 1937ರಿಂದ ಇಲ್ಲಿನ ಬಾಟಲಿಯ ಗಾಜಿನ ಮೇಲೆಯೇ ಪೋಪರ ಕಿರೀಟ ಮತ್ತು ಸಂತ ಪೀಟರ್‌ನ ಕೀಲಿಕೈಗಳು ಉಬ್ಬಾಗಿ ಮೂಡಿರುತ್ತವೆ. ಚೀಟಿಯಾದರೆ ಯಾರೂ ಅಂಟಿಸಬಹುದು, ಗಾಜು ಅಷ್ಟು ಸುಲಭವಲ್ಲ.

● 1952ರಿಂದ ಬರುತ್ತಿರುವ ಇನ್ನೊಂದು ಬಾಟಲಿ 'ಲಾ ಫಿಯೋಲ್ ದ್ಯು ಪಾಪ್'. ಸೊಟ್ಟಗೆ ತಿರುಚಿಕೊಂಡು, ನೆಲಮಾಳಿಗೆಯ ಧೂಳು ಮೆತ್ತಿದಂತೆ ಕಾಣುವ ಗಾಜು. ಕಂಡವರು ಮರೆಯುವುದಿಲ್ಲ.

● ಒಂದೇ ಊರಿನ ಹೆಸರಾದರೂ ತೋಟ ಐದು ಊರುಗಳಲ್ಲಿ ಹರಡಿದೆ: ಶಾತೊನಫ್, ಬೆದಾರಿದ್, ಕೂರ್ತೆಜೊಂ, ಸೋರ್ಗ್, ಒರಾಂಜ್. ಒಟ್ಟು ಸುಮಾರು 3,200 ಹೆಕ್ಟೇರ್. ಸಾಮಾನ್ಯ ವರ್ಷದಲ್ಲಿ ಒಂದು ಕೋಟಿಗೂ ಮಿಗಿಲು ಬಾಟಲಿ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಕೆಂಪು, ಉಳಿದದ್ದು ಬಿಳಿ.

● ಹೆಕ್ಟೇರಿಗೆ 3,500 ಲೀಟರ್ ಎಂಬುದು ಇಳುವರಿಯ ಮೇಲ್ಮಿತಿ. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 1,400 ಲೀಟರ್. ಅದಕ್ಕಿಂತ ಹೆಚ್ಚು ಬೆಳೆದರೆ ಊರಿನ ಹೆಸರಿನಲ್ಲಿ ಮಾರುವಂತಿಲ್ಲ. ಹೆಚ್ಚು ಬೆಳೆದವನಿಗೆ ಬಹುಮಾನ ಕೊಡುವ ಕೃಷಿಯನ್ನೇ ಕಂಡ ನಮಗೆ ಇದು ಅಚ್ಚರಿಯೇ ಸರಿ.

● ಕಟಾವು ಕೈಯಿಂದಲೇ ಆಗಬೇಕು, ಯಂತ್ರಕ್ಕೆ ಅನುಮತಿಯಿಲ್ಲ. ಸೆಪ್ಟೆಂಬರಿನಲ್ಲಿ ಊರಿನ ಎರಡು ಸಾವಿರ ಜನ ಎಲ್ಲಿ ಸಾಲುತ್ತಾರೆ? ಸ್ಪೇನ್, ಮೊರಾಕ್ಕೊ, ಪೂರ್ವ ಯುರೋಪುಗಳಿಂದ ಕೂಲಿಯವರು ಬರುತ್ತಾರೆ. ಬಾಟಲಿಯ ಮೇಲೆ ಪೋಪರ ಕಿರೀಟವಿದೆ, ತೋಟದೊಡೆಯರ ಹೆಸರಿದೆ. ಬೆನ್ನು ಬಗ್ಗಿಸಿ ಮೊಣಕಾಲೆತ್ತರದ ಬಳ್ಳಿಯಿಂದ ಗೊಂಚಲು ಕತ್ತರಿಸಿದವರ ಗುರುತು ಎಲ್ಲಿಯೂ ಇಲ್ಲ. ಈ ವೈನ್ ಅವರದೂ ಹೌದು.

● 1956ರ ಫೆಬ್ರುವರಿಯ ಹಿಮಚಳಿಗೆ ಪ್ರೊವಾನ್ಸ್‌ನ ಆಲಿವ್ ಮರಗಳು ಸಾಲುಸಾಲಾಗಿ ಸತ್ತವು, ದ್ರಾಕ್ಷಿ ಹೆಚ್ಚಾಗಿ ಬದುಕಿಕೊಂಡಿತು. ಆಲಿವ್ ಇದ್ದ ಎಷ್ಟೋ ಹೊಲಗಳು ಆಮೇಲೆ ದ್ರಾಕ್ಷಿಯ ಪಾಲಾದವು.

● ಇಲ್ಲಿನ ಬೆಳೆಗಾರರ ಸಂತ ಮಾರ್ಕ್. ಏಪ್ರಿಲ್ 25ರ ಆಸುಪಾಸಿನಲ್ಲಿ ಅವನ ಹಬ್ಬ, ಮೆರವಣಿಗೆ, ಜೊತೆಗೆ ಹಿಂದಿನ ಸುಗ್ಗಿಯ ಉತ್ತಮ ವೈನ್ ಆರಿಸುವ ಪಂದ್ಯ. ಆಗಸ್ಟಿನ ಮೊದಲ ವಾರಾಂತ್ಯದಲ್ಲಿ ಇನ್ನೊಂದು ಹಬ್ಬ: ಹಸಿರು ಕಾಯಿ ಬಣ್ಣಕ್ಕೆ ತಿರುಗುವ ಹೊತ್ತಿನ ಸಂಭ್ರಮ. ಊರವರು ಮಧ್ಯಯುಗದ ಉಡುಪು ತೊಟ್ಟು ಬೀದಿಗಿಳಿಯುತ್ತಾರೆ. ಫಸಲು ಕೈಗೆ ಬಂದ ಮೇಲೆ ಹಬ್ಬ ಮಾಡುವವರು ಲೋಕದ ತುಂಬ ಇದ್ದಾರೆ, ಹಣ್ಣು ಬಣ್ಣ ಕಟ್ಟುವುದಕ್ಕೇ ಹಬ್ಬ ಮಾಡುವ ಊರು ಅಪರೂಪ.

● ಈಗ ಊರನ್ನು ಕಾಡುತ್ತಿರುವುದು ಬಿಸಿಲು. ಯುದ್ಧಾನಂತರದ ದಶಕಗಳಿಗೆ ಹೋಲಿಸಿದರೆ ಕಟಾವು ಸುಮಾರು ಮೂರು ವಾರ ಮುಂಚೆಯೇ ಬರುತ್ತಿದೆ. ಹಣ್ಣಿನಲ್ಲಿ ಸಕ್ಕರೆ ಏರಿದರೆ ವೈನ್‌ನಲ್ಲಿ ಮದ್ಯಾಂಶ ಏರುತ್ತದೆ. ಹಿಂದೆ ಶೇ 12.5 ಮುಟ್ಟಿಸಲು ಹೆಣಗುತ್ತಿದ್ದವರು ಇಂದು ಶೇ 15 ದಾಟದಂತೆ ನೋಡಿಕೊಳ್ಳಲು ಹೆಣಗುತ್ತಾರೆ.

● ಆಗ ನೆರವಿಗೆ ಬಂದದ್ದು ಹಳೆಯ ಪಟ್ಟಿಯೇ. ಲಾಭವಿಲ್ಲವೆಂದು ಮೂಲೆಗೆ ತಳ್ಳಿದ್ದ ಕೂನ್ವಾಜ್, ಮುಸ್ಕಾರ್ದಾಂ, ತೆರೆ ನ್ವಾರ್ ತಳಿಗಳು ಬಿಸಿಲಲ್ಲೂ ಹುಳಿ ಉಳಿಸಿಕೊಳ್ಳುತ್ತವೆ, ಸಕ್ಕರೆ ಕಡಿಮೆ ಕಟ್ಟುತ್ತವೆ. ಕೆಲವು ಬೆಳೆಗಾರರು ಅವನ್ನು ಮತ್ತೆ ನೆಡುತ್ತಿದ್ದಾರೆ. ಒಂದೇ ತಳಿಗೆ ಜೋತುಬಿದ್ದಿದ್ದರೆ ಈ ದಾರಿ ಇರುತ್ತಿರಲಿಲ್ಲ.

● ಶಾತೊನಫ್‌ನ ಬೆಳೆಗಾರರು 1923ರಲ್ಲಿ ಹಿಡಿದ ಹಾದಿಗೂ ನಮ್ಮ ಮನೆಬಾಗಿಲಿಗೂ ನೇರ ಸಂಬಂಧವಿದೆ. ಫ್ರಾನ್ಸಿನ ಮೂಲನಾಮ ಪದ್ಧತಿಯ ತತ್ವ ಯುರೋಪಿಗೆ ಹಬ್ಬಿ, ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದೊಳಗೆ ಸೇರಿತು. ಅದಕ್ಕೆ ತಕ್ಕಂತೆ ಭಾರತ 1999ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆ ಮಾಡಿತು. 2003ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂತು. ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆ, ಬ್ಯಾಡಗಿ ಮೆಣಸಿನಕಾಯಿ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ, ಇಳಕಲ್ ಸೀರೆ, ಧಾರವಾಡ ಪೇಡೆ ಇವೆಲ್ಲ ಆ ಮನ್ನಣೆ ಪಡೆದಿವೆ. ಬೆಂಗಳೂರು ನೀಲಿ ದ್ರಾಕ್ಷಿಯೂ ಪಡೆದಿದೆ.

● ಮನ್ನಣೆ ಸಿಕ್ಕ ಮಾತ್ರಕ್ಕೆ ಹೆಸರು ಉಳಿಯುವುದಿಲ್ಲ. ನಂಜನಗೂಡು ರಸಬಾಳೆ ಬೆಳೆಯುವ ತೋಟಗಳು ರೋಗದಿಂದ ಕೈಬೆರಳೆಣಿಕೆಗೆ ಇಳಿದಿದ್ದವು, ಅಂಗಡಿಗಳಲ್ಲಿ ಮಾತ್ರ ಆ ಹೆಸರಿನ ಹಣ್ಣಿಗೆ ಬರವಿರಲಿಲ್ಲ. ಮುಂದಿನ ಸಲ ರಸಬಾಳೆಯನ್ನೋ ಬ್ಯಾಡಗಿ ಮೆಣಸಿನಕಾಯಿಯನ್ನೋ ಕೊಳ್ಳುವಾಗ ಎಲ್ಲಿ ಬೆಳೆದದ್ದೆಂದು ಒಂದು ಮಾತು ಕೇಳಿ, ಸೂಚಕದ ಗುರುತು ಇದೆಯೇ ನೋಡಿ, ನಿಜವಾಗಿ ಬೆಳೆದವರದೇ ಆಗಿದ್ದರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅವರಿಂದಲೇ ಕೊಳ್ಳಿ.